ಸೀಮೆಸುಣ್ಣದ ಚೌಕದಲ್ಲಿ ನಿಲ್ಲದ ಮೇಷ್ಟ್ರು

ಗುರುಮಲ್ಲಯ್ಯ ಮೇಷ್ಟ್ರು ನಿಂತಲ್ಲೇ ನಿಂತು ಮಾತನಾಡಿದ್ದನ್ನು ಕಂಡವರು ಚಾಮರಾಜನಗರದಲ್ಲಿ ಯಾರೂ ಇಲ್ಲ. ಕಾಲು ಚಲಿಸಿದರೆ ಮಾತ್ರ ಅವರ ನಾಲಿಗೆ ಚಲಿಸುತ್ತದೆ. ಮೂವತ್ತನಾಲ್ಕು ವರ್ಷ ಅವರು ಅರ್ಥಶಾಸ್ತ್ರ ಪಾಠ ಹೇಳಿದ ಕಾಲೇಜಿನ ಕೊಠಡಿಯಲ್ಲಿ ಕಿಟಕಿಯಿಂದ ಬಾಗಿಲಿಗೆ ಹದಿಮೂರು ಹೆಜ್ಜೆ. ಬೇಡಿಕೆಯ ನಿಯಮ ಕಿಟಕಿಯ ಬಳಿ ಹುಟ್ಟಿ ಬಾಗಿಲ ಬಳಿ ಮುಗಿಯುತ್ತಿತ್ತು, ಪೂರೈಕೆಯ ನಿಯಮ ಬಾಗಿಲಿನಿಂದ ಹೊರಟು ಕಿಟಕಿಗೆ ಬಂದು ಉಸಿರು ಬಿಡುತ್ತಿತ್ತು. ಅವರ ಅಸಂಖ್ಯ ಶಿಷ್ಯರಲ್ಲಿ ನಾನೂ ಒಬ್ಬ. ಇಂದಿಗೂ ಯಾರಾದರೂ ಬೇಡಿಕೆ ಎಂದರೆ ನನ್ನ ಕುತ್ತಿಗೆ ತಾನೇ ತಾನಾಗಿ ಬಲಕ್ಕೆ ತಿರುಗುತ್ತದೆ.

ಕೃಶವಾದ, ಎತ್ತರದ ದೇಹ; ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬಲಗೈಯ ಎರಡು ಬೆರಳನ್ನು ಮಾತ್ರ ಮುಂದೆ ಚಾಚಿ, ಗದ್ದೆಯ ಬದುವಿನ ಮೇಲೆ ಜಾರದಂತೆ ನಡೆಯುವವರ ಹಾಗೆ ಪಾದವನ್ನು ಅಳೆದು ಅಳೆದು ಇಡುವ ನಡಿಗೆ. ಹರದನಹಳ್ಳಿಯ ಒಕ್ಕಲು ಮನೆತನದವರಾದ್ದರಿಂದ ಬದುವಿನ ನಡಿಗೆ ಅವರಿಗೆ ಬಾಲ್ಯದ ಬಳುವಳಿಯೇ ಇರಬೇಕು. ಇನ್ನು ಅವರ ಮಾತಿಗೊಂದು ವಿಚಿತ್ರ ಆರಂಭವಿತ್ತು. ಹಿಂದೆ ಯಾವ ಪ್ರಸ್ತಾಪವೂ ಇರದಿದ್ದರೂ ಅವರು ‘ಅಂದ್ಮೇಲೆ’ ಎಂದೇ ತೊಡಗುವುದು. ತರಗತಿಗೆ ಕಾಲಿಟ್ಟು ‘ಅಂದ್ಮೇಲೆ ಕೂತ್ಕೊಳಿ’ ಎನ್ನುವರು. ಹೋಟೆಲಿನಲ್ಲಿ ಸರ್ವರನಿಗೆ ‘ಅಂದ್ಮೇಲೆ ಒಂದು ಕಾಫಿ’ ಎನ್ನುವರು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಮೊದಲ ಮಾತು ‘ಅಂದ್ಮೇಲೆ ನನ್ನ ಹೆಸರು ಗುರುಮಲ್ಲಯ್ಯ’ ಎಂದಿತ್ತಂತೆ. ಅವರ ಹೆಂಡತಿ ಶಿವಮ್ಮನವರು ಇದನ್ನು ಹೇಳಿ ಇವತ್ತಿಗೂ ನಗುತ್ತಾರೆ. ಮೇಷ್ಟ್ರೂ ನಗುತ್ತಾರೆ, ಆದರೆ ಬಿಟ್ಟವರಲ್ಲ.

ಅವರ ಕೋಟಿನ ವಿಷಯವನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ಬೂದಿ ಬಣ್ಣದ ಆ ಕೋಟು ವರ್ಷದಲ್ಲಿ ಒಂದೇ ದಿನ ಪೆಟ್ಟಿಗೆಯಿಂದ ಹೊರಬೀಳುತ್ತಿತ್ತು, ಅದು ಜಿಲ್ಲೆಯ ಅರ್ಥಶಾಸ್ತ್ರ ಅಧ್ಯಾಪಕರ ಬಳಗದ ವಾರ್ಷಿಕ ಸಮ್ಮೇಳನದ ದಿನ. ಜಿಲ್ಲೆ ಹುಟ್ಟಿದ ಹೊಸದರಲ್ಲೇ ಹುಟ್ಟಿದ ಸಮ್ಮೇಳನವದು. ಅದನ್ನು ಹೆತ್ತವರೂ ಹೊತ್ತವರೂ ಗುರುಮಲ್ಲಯ್ಯನವರೇ. ಕೋಟಿನ ಬಲಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು ಸದಾ ಇದ್ದು ಇದ್ದು ಆ ಭಾಗ ಮಾತ್ರ ಬೆಳ್ಳಗಾಗಿತ್ತು. ನಿವೃತ್ತಿಯ ನಂತರವೂ ತುಂಡುಗಳು ಜೇಬನ್ನು ತೊರೆಯಲಿಲ್ಲ.

ಮೊದಲ ಸಮ್ಮೇಳನದಲ್ಲಿ ರೇಷ್ಮೆಯ ಆರ್ಥಿಕತೆಯ ಬಗ್ಗೆ ಘನವಾದ ಪ್ರಬಂಧಗಳು ಮಂಡನೆಯಾಗುತ್ತಿದ್ದವು. ಊಟಕ್ಕೆ ಬಾಳೆಲೆ ತಂದಿದ್ದ ಉಮ್ಮತ್ತೂರಿನ ಪುಟ್ಟಮಾದಯ್ಯ, ಮನೆಯಲ್ಲಿ ಹುಳು ಸಾಕುತ್ತಿದ್ದವನು, ಬಾಗಿಲಲ್ಲಿ ನಿಂತು ಅರ್ಧ ಗಂಟೆ ಕೇಳಿದ. ಕೇಳಿ, ಎಲೆಯ ಕಟ್ಟನ್ನು ಕೆಳಗಿಳಿಸುತ್ತಾ ಮೇಷ್ಟ್ರಿಗೆ ಅಂದನಂತೆ: ‘ನಮ್ ವಿಸ್ಯನೇ ಮಾತಾಡ್ತಾ ಅವ್ರೆ ಕಣ್ ಸಾಮಿ. ಆದ್ರೆ ನಮ್ಮನ್ನ ಯಾರೂ ಒಂದ್ ಮಾತ್ ಕೇಳ್ನಿಲ್ವಲ್ಲ.’

ಅವನ ಮಾತಿನಲ್ಲಿ ಕೋಪವಿರಲಿಲ್ಲ, ಬರಿಯ ಕುತೂಹಲವಿತ್ತು. ಆ ಕುತೂಹಲವೇ ಮೇಷ್ಟ್ರನ್ನು ಚುಚ್ಚಿತು. ಮಧ್ಯಾಹ್ನದ ಗೋಷ್ಠಿಯಲ್ಲಿ ಪುಟ್ಟಮಾದಯ್ಯನನ್ನೇ ವೇದಿಕೆ ಹತ್ತಿಸಿದರು. ಮುಂದಿನ ವರ್ಷದಿಂದ ಅದು ನಿಯಮವಾಯಿತು: ಸಮ್ಮೇಳನದ ಮೊದಲ ಮಾತು ದುಡಿಯುವ ಒಬ್ಬರದು, ಪ್ರಾಧ್ಯಾಪಕರ ಸರದಿ ಆಮೇಲೆ. ಅರಿಸಿನ ಬೇಯಿಸುವವರು, ಕಲ್ಲು ಒಡೆಯುವವರು, ಬಸ್ ನಿಲ್ದಾಣದಲ್ಲಿ ಹೂ ಕಟ್ಟುವವರು ಹೀಗೆ ವರ್ಷಕ್ಕೊಬ್ಬರು ಬಂದು, ತಮ್ಮ ಕಸುಬಿನ ನಾಲ್ಕು ಮಾತು ಹೇಳಿ, ಬಾಳೆಲೆಯ ಊಟ ಮಾಡಿ ಹೋದರು. ಹೊರಗಿನಿಂದ ಬಂದ ವಿದ್ವಾಂಸರು ಇದನ್ನು ಮೊದಮೊದಲು ಮನರಂಜನೆ ಎಂದುಕೊಳ್ಳುತ್ತಿದ್ದರು. ತಮ್ಮ ಪ್ರಬಂಧ ಓದುವ ಹೊತ್ತಿಗೆ ಸ್ವಲ್ಪ ತಡವರಿಸುತ್ತಿದ್ದರು.

ಇಪ್ಪತ್ತೈದನೆಯ ಸಮ್ಮೇಳನದ ವೇಳೆಗೆ ಕೋವಿಡ್ಡಿನ ಮೂರನೆಯ ಅಲೆ ಎದ್ದಿತ್ತು. ಆ ಜನವರಿಯಲ್ಲಿ ಸಭಾಂಗಣಕ್ಕೆ ಐವತ್ತು ಜನಕ್ಕಿಂತ ಹೆಚ್ಚು ಸೇರುವಂತಿಲ್ಲ. ಬಳಗದ ಕಾರ್ಯದರ್ಶಿ ಶಶಿರೇಖಾ ಮೇಡಂ ಮುಂದೂಡೋಣ ಎಂದರು, ಮೇಷ್ಟ್ರು ಒಪ್ಪಲಿಲ್ಲ. ಕೊನೆಗೆ ತರುಣ ಅಧ್ಯಾಪಕ ಸುಧಾಕರ್ ಒಂದು ಉಪಾಯ ಹೇಳಿದ: ಚಾಮರಾಜನಗರದ ಸಭಾಂಗಣದಲ್ಲಿ ಐವತ್ತು ಜನ, ಗುಂಡ್ಲುಪೇಟೆಯ ಒಂದು ಕೊಠಡಿಯಲ್ಲಿ ಇಪ್ಪತ್ತು ಜನ, ಉಳಿದವರೆಲ್ಲ ಅವರವರ ಮನೆಯಲ್ಲಿ ಪರದೆಯ ಮುಂದೆ. ವಿಷಯ, ಸಾಂಕ್ರಾಮಿಕದ ಕಾಲದಲ್ಲಿ ಆರ್ಥಿಕ ಅಭಿವೃದ್ಧಿ. ಮುಖ್ಯ ಭಾಷಣಕಾರರು ದೆಹಲಿಯಲ್ಲಿ ನೆಲೆಸಿದ ಕನ್ನಡದ ಅರ್ಥಶಾಸ್ತ್ರಜ್ಞರೊಬ್ಬರು. ಅವರು ಪರದೆಯಲ್ಲಿ ಬರುವುದು ಹತ್ತೂವರೆಗೆ, ಹನ್ನೊಂದೂಕಾಲಿಗೆ ಅವರಿಗೆ ಇನ್ನೊಂದು ಸಭೆ. ಮೊದಲ ಮಾತಿಗೆ ಮೇಷ್ಟ್ರು ಆರಿಸಿದ್ದು ಚಿಕ್ಕಬಸಮ್ಮನನ್ನು. ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಸ್ತೆಗೆ ಅಂಟಿಕೊಂಡ ಹಳ್ಳಿಯಲ್ಲಿ ತರಕಾರಿ ಬೆಳೆಯುವ ಐವತ್ತರ ಹೆಂಗಸು ಆಕೆ. ಅವಳ ಹೊಲಕ್ಕೆ ಮೇಷ್ಟ್ರು ಮೊಪೆಡ್ಡಿನಲ್ಲಿ ಮೂರು ಸಲ ಹೋಗಿ, ಗುಂಡ್ಲುಪೇಟೆಯ ಕೊಠಡಿಯಿಂದ ಮಾತನಾಡಲು ಒಪ್ಪಿಸಿ ಬಂದಿದ್ದರು.

ಸುಧಾಕರನಿಗೆ ತಲೆನೋವಾಗಿದ್ದು ಮೇಷ್ಟ್ರ ಕಾಲು. ಕ್ಯಾಮೆರಾ ಒಂದೇ, ಅದೂ ಅಲುಗಾಡದ್ದು. ಹಿಂದಿನ ದಿನ ಪ್ರಯೋಗ ಮಾಡಿ ನೋಡಿದಾಗ ಪರದೆಯ ಮುಂದಿದ್ದವರಿಗೆ ಕಂಡದ್ದು ಬರಿಯ ಗೋಡೆ. ಮೇಷ್ಟ್ರ ಮೂಗು ಎರಡು ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ಹಾದುಹೋಗುತ್ತಿತ್ತು. ಸುಧಾಕರ್ ಅವರ ಅಂಗಿಯ ಜೇಬಿನಿಂದಲೇ ಸೀಮೆಸುಣ್ಣ ಇಸಿದುಕೊಂಡು ನೆಲದ ಮೇಲೆ ಎರಡಡಿಯ ಚೌಕ ಬರೆದು, ‘ಸಾರ್, ಇದರೊಳಗೇ ನಿಂತ್ಕೊಂಡ್ ಮಾತಾಡ್ಬೇಕು. ನನಗೋಸ್ಕರ’ ಎಂದ. ಹಳೆಯ ಶಿಷ್ಯನ ಮಾತಿಗೆ ಮೇಷ್ಟ್ರು ತಲೆಯಾಡಿಸಿದರು.

ಸಮ್ಮೇಳನದ ಬೆಳಿಗ್ಗೆ ಕೋಟು ತೊಟ್ಟು, ಮುಖಗವಸನ್ನು ಗಲ್ಲಕ್ಕಿಳಿಸಿ, ಆ ಚೌಕದೊಳಗೆ ಎರಡೂ ಪಾದ ಜೋಡಿಸಿ ನಿಂತರು. ಬಾಯಿ ತೆರೆದರು. ‘ಅಂದ್ಮೇಲೆ’ ಎಂಬುದು ಕೂಡ ಬರಲಿಲ್ಲ. ತುಟಿ ಅಲುಗಿತು, ಬೆರಳು ಚಾಚಿತು, ಸ್ವರ ಮಾತ್ರ ಎಲ್ಲೋ ಕಿಟಕಿ ಬಾಗಿಲುಗಳ ನಡುವೆ ಉಳಿದುಬಿಟ್ಟಿತ್ತು. ಪರದೆಯ ತುಂಬ ಒಂದೇ ಸಂದೇಶ ಸಾಲುಗಟ್ಟಿತು: ‘ಸಾರ್, ಮ್ಯೂಟ್ ಆಗಿದ್ದೀರಿ.’ ಸುಧಾಕರ್ ಮೈಕು ತಟ್ಟಿದ, ತಂತಿ ಎಳೆದ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಸ್ವಾಗತವನ್ನು ಶಶಿರೇಖಾ ಅವರೇ ಮಾಡಿ ಮುಗಿಸಿದರು. ಮೇಷ್ಟ್ರು ಪೆಚ್ಚಾಗಿ ಕುರ್ಚಿಗೆ ಬಂದು ಕೂತರು. ಮುಖದಲ್ಲಿ, ಪರೀಕ್ಷೆಯಲ್ಲಿ ಎಲ್ಲ ಮರೆತ ಹುಡುಗನ ಕಳೆ.

ಅಷ್ಟರಲ್ಲಿ ಅದಕ್ಕಿಂತ ದೊಡ್ಡದೊಂದು ಆಯಿತು. ಎಲ್ಲೋ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ಗುಂಡ್ಲುಪೇಟೆಯ ಕೊಠಡಿ ಪರದೆಯಿಂದ ಮಾಯವಾಯಿತು. ಹತ್ತೂಕಾಲಾಯಿತು, ಇಪ್ಪತ್ತೈದಾಯಿತು, ಬರಲಿಲ್ಲ. ದೆಹಲಿಯ ವಿದ್ವಾಂಸರು ಪರದೆಯಲ್ಲಿ ಬಂದು ಕೂತರು.

ಶಶಿರೇಖಾ ಮೇಡಂ ಕೆಟ್ಟವರಲ್ಲ. ಆ ದಿನದ ಭಾರವೆಲ್ಲ ಅವರ ತಲೆಯ ಮೇಲಿತ್ತು. ಮೇಷ್ಟ್ರ ಬಳಿ ಬಗ್ಗಿ, ‘ಸಾರ್, ಈ ಒಂದ್ ವರ್ಷ ಬಿಡೋಣ. ಭಾಷಣ ಮೊದಲು ಆಗಿಬಿಡ್ಲಿ. ಆಯಮ್ಮನ ಮಾತು ಮಧ್ಯಾಹ್ನ ಇಟ್ಕೊಳೋಣ’ ಎಂದರು.

ಮೇಷ್ಟ್ರು ಕುರ್ಚಿಯಿಂದೆದ್ದರು. ಏಳುತ್ತಲೇ ಸ್ವರ ಬಂತು. ‘ಅಂದ್ಮೇಲೆ ಮೇಡಂ, ಈ ವರ್ಷ ಬಿಡೋಕೆ ಒಂದು ಕಾರಣ ಇದೆ. ಮುಂದಿನ ವರ್ಷ ಬಿಡೋಕೆ ಕಾರಣನೇ ಬೇಕಾಗಲ್ಲ.’

ಆ ಮಾತಿನ ಹಿಂದಿನ ಸಂಕಟ ನನಗೆ ಅರ್ಥವಾಗಿತ್ತು. ಅವರು ಪುಸ್ತಕ ಬರೆದವರಲ್ಲ, ಪದವಿ ಪ್ರಶಸ್ತಿಗಳು ಅವರತ್ತ ಸುಳಿದದ್ದಿಲ್ಲ. ಬದುಕಿನಲ್ಲಿ ತಮ್ಮದೆಂದು ಹೇಳಿಕೊಳ್ಳಲು ಅವರಿಗಿದ್ದದ್ದು ಇದೊಂದೇ ರೂಢಿ. ಎಪ್ಪತ್ತಕ್ಕೆ ಹತ್ತಿರವಾಗಿದ್ದ ಅವರಿಗೆ, ತಾವು ಹೋದ ಮೇಲೂ ಅದು ಉಳಿಯಬೇಕೆಂಬ ಆಸೆ. ಇವತ್ತು ಅದು ಬಿದ್ದರೆ ನಾಳೆ ಅದನ್ನು ಎತ್ತಿ ನಿಲ್ಲಿಸುವವರು ಯಾರೂ ಇಲ್ಲವೆಂದು ಆ ಸಭೆಯಲ್ಲಿದ್ದ ಐವತ್ತು ಜನಕ್ಕೂ ಗೊತ್ತಿತ್ತು. ನಾಚಿಕೆಯಿಂದ ಹೇಳುತ್ತೇನೆ, ನಾನೂ ಏಳಲಿಲ್ಲ.

ಮೇಷ್ಟ್ರು ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ತೂಗುಹಾಕಿದರು. ಸುಧಾಕರನ ಕೈಯಿಂದ ತಂತಿಯಿಲ್ಲದ ಮೈಕನ್ನು ತೆಗೆದುಕೊಂಡು, ತಮ್ಮ ಹಳೆಯ ಮೊಬೈಲಿನಲ್ಲಿ ಚಿಕ್ಕಬಸಮ್ಮನಿಗೆ ಫೋನು ಹಚ್ಚಿ, ಸಿಗ್ನಲ್ ಅರಸುತ್ತಾ ಸಭಾಂಗಣದ ಹಿಂದಿನ ಕಿಟಕಿಯತ್ತ ನಡೆದರು. ಸೀಮೆಸುಣ್ಣದ ಚೌಕ ಅವರ ಪಾದಕ್ಕೆ ಸಿಕ್ಕಿ ಅರ್ಧ ಅಳಿಸಿತು. ಮೊಬೈಲನ್ನು ಮೈಕಿಗೆ ಹಿಡಿದಾಗ ಆಕೆಯ ದನಿ ಇಡೀ ಸಭೆಗೆ ಕೇಳಿತು.

‘ಮೇಷ್ಟ್ರೆ, ನಾ ಆಗ್ಲೇ ಬಸ್‌ಸ್ಟ್ಯಾಂಡ್ ಕಡೀಕ್ ಒಂಟಿವ್ನಿ. ಪರ್ದೆ ಬರ್ನಿಲ್ಲ. ಅವರೆಕಾಯಿ ಬುಡ್ಸಕ್ಕೆ ಆಳ್ಗೋಳು ಕಾಯ್ತಾ ಅವ್ರೆ.’

‘ಅಂದ್ಮೇಲೆ ನಿಲ್ಬೇಡಮ್ಮ. ನಡೀತಾನೇ ಹೇಳು. ನಾನೂ ನಡೀತಾ ಇದೀನಿ.’

ಗುಂಡ್ಲುಪೇಟೆಯ ರಸ್ತೆಯಲ್ಲಿ ಆಕೆ, ಚಾಮರಾಜನಗರದ ಸಭಾಂಗಣದಲ್ಲಿ ಇವರು, ಇಬ್ಬರೂ ನಡೆದರು. ಲಾಕ್‌ಡೌನಿನಲ್ಲಿ ಏನಾಯಿತೆಂದು ಆಕೆ ಹೇಳತೊಡಗಿದಳು. ನಡುವೆ ಆಟೋಗಳ ಹಾರ್ನು, ಸೊಪ್ಪು ಮಾರುವವರ ಕೂಗು.

‘ಗಡೀಲಿ ಗೇಟ್ ಆಕ್ಬುಟ್ರು. ಕೇರಳದ ಲಾರಿ ಬರಂಗಿಲ್ಲ, ನಮ್ ತರಕಾರಿ ಓಗಂಗಿಲ್ಲ. ಟೊಮ್ಯಾಟೊ ಕೊಳೀತಾ ಕುಂತಿತ್ತು. ನಾ ಒಂದ್ ಕ್ರೇಟ್ ತಂದು ನಮ್ಮೂರ್ ಮುಂದ್ಲ ಬಸ್‌ಸ್ಟಾಪ್ ಕಲ್ ಮ್ಯಾಲೆ ಮಡಗ್ಬುಟ್ಟೆ. ಬಸ್ಸಂತೂ ಇಲ್ಲ, ಕಲ್ ಸುಮ್ನೆ ಬಿದ್ದಿತ್ತು. ಬೇಕಾದೋರು ತಕ್ಕಂಡೋಗ್ಲಿ ಅಂತ. ಬೆಳಿಗ್ಗೆ ನೋಡ್ತೀನಿ, ಟೊಮ್ಯಾಟೊ ಇಲ್ಲ, ಆ ಜಾಗದಲ್ಲಿ ಯಾರೋ ಎರ್ಡ್ ಸೇರು ರಾಗಿ ಮಡಗವ್ರೆ.’

ಮಾರನೆಯ ದಿನ ರಾಗಿಯ ಪಕ್ಕ ತೆಂಗಿನಕಾಯಿ ಬಂತು, ಅದರ ಮಾರನೆಯ ದಿನ ಚೊಂಬಿನಲ್ಲಿ ಮಜ್ಜಿಗೆ. ಮೂರು ಹಳ್ಳಿಯವರು ಆ ಕಲ್ಲಿಗೆ ಬಂದು, ಇರುವುದನ್ನಿಟ್ಟು ಬೇಕಾದ್ದನ್ನು ಒಯ್ದರು. ಯಾರು ಎಷ್ಟು ಇಟ್ಟರು ಎಂದು ಯಾರೂ ಕೇಳಲಿಲ್ಲ. ಗಡಿಯಲ್ಲಿ ಸಿಕ್ಕಿಬಿದ್ದಿದ್ದ ಮಲಯಾಳಿ ಲಾರಿ ಡ್ರೈವರನೊಬ್ಬ ಹನ್ನೊಂದು ದಿನ ಆ ಕಲ್ಲಿನ ಅನ್ನ ಉಂಡ. ಇಡಲು ಏನೂ ಇಲ್ಲದ್ದಕ್ಕೆ ಊರವರ ಪಂಪ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡಿಕೊಟ್ಟು ಹೋದ. ‘ಚೇಚಿ ಚೇಚಿ ಅಂತಿದ್ದ, ಅವ್ರ ಮಾತ್ನಲ್ಲಿ ಅಕ್ಕ ಅಂತ. ಈಗ್ಲೂ ಲಾರಿ ನಿಲ್ಸಿ ಒಂದ್ ಪೊಟ್ಣ ಚಿಪ್ಸ್ ಕೊಟ್ಬುಟ್ಟೇ ಓಯ್ತಾನೆ’ ಎಂದಳು ಚಿಕ್ಕಬಸಮ್ಮ.

ದೆಹಲಿಯ ವಿದ್ವಾಂಸರು ಪರದೆಯಿಂದ ತಡೆಯಲಾರದೆ ಕೇಳಿದರು: ‘ಅಮ್ಮಾ, ಇದರಿಂದ ನಿಮಗೇನು ಲಾಭ ಆಯಿತು?’

ಮೇಷ್ಟ್ರು ಪ್ರಶ್ನೆಯನ್ನು ಫೋನಿಗೆ ದಾಟಿಸಿದರು. ‘ಲಾಬ ಅಂದ್ರೆ, ಆ ಎರ್ಡ್ ತಿಂಗ್ಳು ನಮ್ಮೂರಲ್ಲಿ ಯಾರೂ ಅಸ್ಕಂಡ್ ಮನೀಕನಿಲ್ಲ. ಅದ್ನ ನಿಮ್ ಪುಸ್ತಕ್ದಲ್ಲಿ ಏನಂತಾರೋ ನಂಗೊತ್ತಿಲ್ಲ ಕಣಪ್ಪ. ಬಸ್ ಬತ್ತು ಮೇಷ್ಟ್ರೆ, ಮಡಗ್ತೀನಿ.’

ಫೋನು ನಿಂತಿತು. ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ, ಕೆಮ್ಮಿಗೆ ಎಲ್ಲರೂ ಹೆದರುತ್ತಿದ್ದ ಕಾಲವೂ ಹೌದು. ಗುರುಮಲ್ಲಯ್ಯನವರು ನಿಧಾನವಾಗಿ ವೇದಿಕೆಯತ್ತ ನಡೆದು ಬಂದು, ‘ಅಂದ್ಮೇಲೆ, ಇನ್ನು ಭಾಷಣ’ ಎಂದರು. ವಿದ್ವಾಂಸರು ತಮ್ಮ ಇನ್ನೊಂದು ಸಭೆಗೆ ತಡವಾಗಿ ಬರುವುದಾಗಿ ತಿಳಿಸಿ, ಸಿದ್ಧಪಡಿಸಿದ್ದ ಹಾಳೆಗಳನ್ನು ಪಕ್ಕಕ್ಕಿಟ್ಟು, ಆ ಬಸ್‌ಸ್ಟಾಪಿನ ಕಲ್ಲಿನ ಕಥೆಯಿಂದಲೇ ಮಾತು ಆರಂಭಿಸಿದರು. ಊಟದ ವೇಳೆ ಶಶಿರೇಖಾ ಮೇಡಂ ಮೇಷ್ಟ್ರ ಎಲೆಗೆ ತಾವೇ ಪಾಯಸ ಬಡಿಸಿ, ‘ಮುಂದಿನ ವರ್ಷದ ಮೊದಲ ಮಾತಿಗೆ ಉಡಿಗಾಲದ ಕಡೆ ನಾನೇ ಹೋಗಿ ಹುಡುಕ್ತೀನಿ ಸಾರ್’ ಎಂದರು. ಮೇಷ್ಟ್ರು ಉತ್ತರಿಸಲಿಲ್ಲ, ಕೂತಿದ್ದರಲ್ಲ. ಇನ್ನೊಂದು ಸೌಟು ಪಾಯಸಕ್ಕೆ ಎಲೆಯ ಮೇಲಿಂದ ಕೈ ಸರಿಸಿದರು.

ಆ ಸಮ್ಮೇಳನದ ವಿಡಿಯೊವನ್ನು ನಾನು ಆಗಾಗ ಹಾಕಿಕೊಂಡು ನೋಡುತ್ತೇನೆ. ಮೊದಲ ಮಾತಿನ ಹದಿನೆಂಟು ನಿಮಿಷ ಅದರಲ್ಲಿ ಕಾಣುವುದು ಒಂದು ಗೋಡೆ, ಒಂದು ಕುರ್ಚಿ, ಅದರ ಬೆನ್ನಿಗೆ ಜೇಬು ಬೆಳ್ಳಗಾದ ಒಂದು ಕೋಟು. ಪರದೆಯ ಮುಂದಿದ್ದ ಇನ್ನೂರಹದಿನೈದು ಜನರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲವೆಂದು ಸುಧಾಕರ್ ಇಂದಿಗೂ ಬೆರಗುಪಡುತ್ತಾನೆ. ಲೋಕದಲ್ಲಿ ಕಾಣಿಸಿಕೊಳ್ಳಲು ಬರುವವರೇ ಬಹಳ. ಅವರಿಗಾಗಿ ಚೌಕಗಳೂ ದೀಪಗಳೂ ಸದಾ ಸಿದ್ಧವಾಗಿರುತ್ತವೆ. ಇನ್ನೊಬ್ಬರ ದನಿ ಕೇಳಲೆಂದು ತಾವು ಚಿತ್ರದಿಂದ ಹೊರಗೆ ನಡೆದುಬಿಡುವವರು ಊರಿಗೊಬ್ಬರು ಸಿಕ್ಕರೆ ಅದು ಆ ಊರಿನ ಪುಣ್ಯ. ಅಂಥವರನ್ನು ಯಾವ ಕ್ಯಾಮೆರಾದಲ್ಲೂ ಹುಡುಕಬಾರದು. ಚಿಕ್ಕಬಸಮ್ಮನ ಮಾತಿನ ನಡುನಡುವೆ ಕಿವಿಗೊಟ್ಟು ಕೇಳಿದರೆ ಅವರ ಹೆಜ್ಜೆಯ ಸಪ್ಪಳ ಸಿಗುತ್ತದೆ: ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ.