ಗಂಡ ತಪ್ರಂದಿಚ್, ಹೆಂಡತಿ ಜೆಬಿವೊಟ್

"ಇನ್ನೊಂದೇ ಪುಟ, ಅಜ್ಜಿ," ಎಂದ ಜೆಲಗಾಟ್ ತಕ್ಷಣ ನಾಲಿಗೆ ಕಚ್ಚಿಕೊಂಡಳು.

"ಅಜ್ಜಿ ಅಂತ ಒಲೆ ಮುಂದೆ ಕೂತವಳನ್ನ ಕರಿ. ನಾನು ಈ ಮನೆ ಗಂಡ," ತಪ್ರಂದಿಚ್ ಗದರಿದರು. "ಏಳು ದನ ಕೊಟ್ಟು ಮದುವೆ ಆಗಿದೀನಿ. ಓದಿದೋರಿಗೆ ಇಷ್ಟೂ ಗೊತ್ತಾಗಲ್ವಾ?"

"ತಪ್ಪಾಯ್ತು, ಅಜ್ಜ."

ಮಕ್ಕಳಿಲ್ಲದ ಹೆಂಗಸು ದನ ಕೊಟ್ಟು ಇನ್ನೊಬ್ಬಳನ್ನು ಮದುವೆಯಾಗಿ ಗಂಡನಾಗುವುದು ಕಪ್ಸಬೆಟ್ ಕಡೆ ಹೊಸದೇನಲ್ಲ. ಜೆಬಿವೊಟ್ ಹೆತ್ತ ಮಕ್ಕಳು ತಪ್ರಂದಿಚ್‌ರನ್ನು ಅಪ್ಪ ಎಂದೇ ಕರೆದು ಬೆಳೆದವು. ನೈರೋಬಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಜೆಲಗಾಟ್ ಇದನ್ನೇ ಪುಸ್ತಕ ಮಾಡಿದ್ದಳು. ಹೆಣ್ಣು ಹೆಣ್ಣನ್ನು ಕಟ್ಟಿಕೊಳ್ಳುವುದು ಬಿಳಿಯರು ತಂದ ರೋಗ ಎಂದು ಕೂಗುವವರ ಬಾಯಿಗೆ ಬೀಗ ಹಾಕುವ ಪುಸ್ತಕ. ಅಚ್ಚಿಗೆ ಹೋಗುವ ಮುಂಚೆ, ಹೇಳಿದವರ ಎದುರೇ ಓದಿ ಒಪ್ಪಿಗೆ ಪಡೆಯುವುದು ಅವಳ ಪದ್ಧತಿ.

ಓದಿದಳು: "ಈ ಮದುವೆ ವಂಶಕ್ಕಾಗಿ, ಜಮೀನಿಗಾಗಿ. ಇಬ್ಬರ ನಡುವೆ ಬೇರೆ ಯಾವ ಒಲವೂ ಇರಲಿಲ್ಲ."

ಹಾಲಿನ ಸೋರೆಬುರುಡೆ ತೊಳೆಯುತ್ತಿದ್ದ ಜೆಬಿವೊಟ್‌ರ ಕೈ ನಿಂತಿತು. ಮೂರು ವರ್ಷದಿಂದ ಜೆಲಗಾಟ್ ಬಂದು ಹೋಗುತ್ತಿದ್ದಳು. ಕುಡಿಯಲು ಹಾಲು ಕೊಡುವುದು ಬಿಟ್ಟರೆ ಈಕೆ ಬಾಯಿ ಬಿಟ್ಟಿದ್ದೇ ಇಲ್ಲ.

"ಹಾಗಂತ ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಲಿಲ್ಲಮ್ಮ. ಹಾಗೆ ಬರೆದ್ರೆ ತೊಂದ್ರೆ ಇರಲ್ಲ ಅಂತ... ಅಂಥ ಒಲವಿಗೆ ಜೈಲು ಅನ್ನೋ ಕಾನೂನಿದೆ, ಚರ್ಚಿನವರಿದ್ದಾರೆ."

"ತೊಂದ್ರೆ ನಮಗೋ, ನಿನಗೋ?"

ಜೆಲಗಾಟ್ ತಲೆ ತಗ್ಗಿಸಿದಳು. ಆ ಸಾಲಿಲ್ಲದ ಪುಸ್ತಕ ಬಂದರೆ ಕೆಲಸ ಖಾಯಂ ಆಗುವುದಿಲ್ಲವೆಂದು ವಿಭಾಗದ ಮುಖ್ಯಸ್ಥರು ನಗುನಗುತ್ತಲೇ ಹೇಳಿದ್ದರು.

"ಬಿಡೇ, ಪಾಪದ ಹುಡುಗಿ," ಎಂದರು ತಪ್ರಂದಿಚ್.

"ನೀವು ಸುಮ್ನಿರಿ. ನಲವತ್ತು ವರ್ಷ ನೀವೇ ಮಾತಾಡಿದ್ದು ಸಾಕು." ಜೆಬಿವೊಟ್ ಇತ್ತ ತಿರುಗಿದರು. "ಮಕ್ಕಳು ದೊಡ್ಡೋರಾದ್ರು, ಜಮೀನೂ ಪಾಲಾಯ್ತು. ಅಷ್ಟಕ್ಕೇ ಮದುವೆ ಆಗಿದ್ರೆ ನಾನ್ಯಾಕೆ ಇನ್ನೂ ಇಲ್ಲೇ ಇದೀನಿ? ಈ ಮುದುಕಪ್ಪನ ಗೊರಕೆ ಕೇಳೋಕಾ?"

"ಗೊರಕೆ ನಂದಲ್ಲ, ಇವಳದ್ದೇ."

"ಹೊಡೆದು ಹಾಕು ಆ ಸಾಲನ್ನ."

ಜೆಲಗಾಟ್ ಪೆನ್ನು ತೆಗೆದಳು. ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಳು.

"ಆ ಜಾಗದಲ್ಲಿ ಏನು ಬರೀಲಿ, ಅಮ್ಮ?"

"ಸುಳ್ಳು ಹೋಯ್ತಲ್ಲ, ಸಾಕು. ಉಳಿದಿದ್ದು ನಮಗಿರಲಿ."

ಹೊರಗೆ ಕರು ಕೂಗಿತು. ಜೆಬಿವೊಟ್ ಎದ್ದು ಹೊರಟರು. ತಪ್ರಂದಿಚ್ ಆಕೆಯ ಶಾಲಿನ ತುದಿ ಹಿಡಿದು, ಕೆಸರು ನೋಡಿ ಹೆಜ್ಜೆಯಿಡುತ್ತ, ಹಿಂದೆಯೇ ಅಂಗಳಕ್ಕಿಳಿದರು.