ಎರಡನೆಯ ಸಿಲಿಂಡರ್

ಕಡಲಲ್ಲಿ ಮುಳುಗಿ ನೋಡುವವರ ಬೆನ್ನಿಗೆ ಕಟ್ಟುವ ಸಿಲಿಂಡರಿಗೆ ಗಾಳಿ ತುಂಬುವುದು ನನ್ನ ಕೆಲಸ. ಓದುಬರಹ ಅಷ್ಟಕ್ಕಷ್ಟೇ, ಆದರೆ ಬಂದವರನ್ನು ಮರೆಯುವವನಲ್ಲ. ಅಂಥವರಲ್ಲಿ ಒಂದು ಗಂಡಹೆಂಡತಿ ಜೋಡಿ, ಹನ್ನೊಂದು ವರ್ಷ ರಜೆಗೆ ಇಲ್ಲಿಗೇ ಬಂದರು. ಬಣ್ಣಬಣ್ಣದ ಮೀನು ಸಾವಿರ ಇದ್ದರೂ, ಹವಳದ ಬಂಡೆಯ ಕೆಳಗಿನ ಮುದಿ ಆಮೆ ಕಂಡರೇ ಅವರಿಗೆ ತೃಪ್ತಿ.

"ಅಜ್ಜಾ, ನನ್ನದಕ್ಕೆ ಒಂಚೂರು ಜಾಸ್ತಿ ತುಂಬಿ. ಇವಳು ನೀರೊಳಗೂ ಜಗಳಕ್ಕೆ ಬರ್ತಾಳೆ" ಎನ್ನುತ್ತಿದ್ದ ಅವನು.

ಈ ಸಲವೂ ಅವರು ಬರುತ್ತಾರೆಂದು ಕೇಳಿದ್ದೇ ತಡ, ಎರಡು ಸಿಲಿಂಡರ್ ತುಂಬಿ ದೋಣಿಯಲ್ಲಿಟ್ಟೆ. ಆಕೆ ಒಬ್ಬಳೇ ಬಂದಳು. ಎರಡನ್ನೂ ನೋಡಿ, "ಅವರು ಕಳೆದ ಚಳಿಗಾಲದಲ್ಲೇ ತೀರ್ಕೊಂಡ್ರು ಅಜ್ಜಾ. ಆ ಆಮೆನ ಒಂದ್ಸಲ ನೋಡ್ಕೊಂಡು ಹೋಗ್ತೀನಿ" ಎಂದಳು.

ಯಾರನ್ನೂ ಒಂಟಿಯಾಗಿ ಇಳಿಸುವ ಹಾಗಿಲ್ಲ, ಜೊತೆಗೊಬ್ಬರು ಇರಲೇಬೇಕು. ನನ್ನ ಕಿವಿಯ ತಮಟೆ ಒಡೆದು ಯಾವ ಕಾಲವೋ ಆಯಿತು, ನಾನು ಇಳಿಯಲಾರೆ. ದೋಣಿಯಲ್ಲಿದ್ದ ಗುರುತಿಲ್ಲದ ಪ್ರವಾಸಿಯೊಬ್ಬನನ್ನು ಜೋಡಿ ಮಾಡಿ, ಅವನ ಬೆನ್ನಿಗೆ ಆ ಎರಡನೆಯ ಸಿಲಿಂಡರನ್ನೇ ಕಟ್ಟಿದೆ.

ಹತ್ತೇ ನಿಮಿಷಕ್ಕೆ ಇಬ್ಬರೂ ಮೇಲೆ ಬಂದರು.

"ಆಮೆ ಸಿಗಲಿಲ್ವೇನಮ್ಮಾ?"

"ಸಿಕ್ತು. ಅಲ್ಲೇ ಮಲಗಿತ್ತು. ನಮ್ಮವರಿಗೆ ತೋರಿಸೋಣ ಅಂತ ಪಕ್ಕಕ್ಕೆ ಕೈ ಚಾಚಿದೆ ಅಜ್ಜಾ. ಬೇರೆ ಯಾರದೋ ಕೈ ಸಿಕ್ತು."

ಆ ಎರಡನೆಯ ಸಿಲಿಂಡರಿನಲ್ಲಿ ಇನ್ನೂ ಮುಕ್ಕಾಲು ಪಾಲು ಗಾಳಿ ಉಳಿದಿತ್ತು. ಯಾಕೆ ಅಂತ ಕೇಳಬೇಡಿ, ಅದನ್ನು ಆ ದಿನ ಮತ್ತೆ ಯಾರ ಬೆನ್ನಿಗೂ ಕಟ್ಟಲಿಲ್ಲ.