ಹೊದಿಸಿದ ಶಾಲು

ಶಾಲು ಹೊದಿಸಿ ವೇದಿಕೆಯಿಂದ ಇಳಿಯುವಷ್ಟರಲ್ಲೇ ಅಂಜನಮ್ಮನಿಗೆ ಎಲ್ಲೋ ಎಡವಟ್ಟಾಯಿತು ಅನ್ನಿಸಿತು. ಸ್ಟುಡಿಯೋ ರಾಜೇಂದ್ರ ಕ್ಯಾಮೆರಾ ಹಿಡಿದು "ಅಕ್ಕ, ಸ್ವಲ್ಪ ನಗಿ" ಅಂದಿದ್ದಕ್ಕೆ ನಕ್ಕೂ ಬಿಟ್ಟಿದ್ದಳು.

ಮಾರೇನಹಳ್ಳಿಯ ಸರ್ಕಾರಿ ಹೆರಿಗೆ ಆಸ್ಪತ್ರೆಯನ್ನು ಖಾಸಗಿ ಕಂಪನಿಗೆ ಒಪ್ಪಿಸಬೇಕೋ ಬೇಡವೋ ಎಂದು ಜನರ ಅಭಿಪ್ರಾಯ ಕೇಳುವ ಸಭೆ ಅದು. ಆಸ್ಪತ್ರೆಯ ಅಂಗಳದಲ್ಲೇ ಶಾಮಿಯಾನ ಹಾಕಿತ್ತು. ಬೇಡ ಅಂತ ಕೈ ಎತ್ತಿಸಲು ಮಹಿಳಾ ಸಂಘದ ಅಂಜನಮ್ಮ ವಾರವೆಲ್ಲ ಬೀದಿ ಬೀದಿ ಅಲೆದು ಹೆಂಗಸರನ್ನು ಕರೆತಂದಿದ್ದಳು. ಆದರೆ ಮನೆಬಾಗಿಲಿಗೆ ಬಂದವರಿಗೆ ಮೊದಲು ಮರ್ಯಾದೆ, ಜಗಳವೇನಿದ್ದರೂ ಆಮೇಲೆ. ಅವಳು ಬೆಳೆದ ರೀತಿಯೇ ಹಾಗೆ. ಅಧಿಕಾರಿ ಸುಧೀಂದ್ರ "ಈ ಏರಿಯಾಗೆ ಹಿರೀರು ನೀವೇ, ನಿಮ್ಮ ಕೈಲೇ ಆಗ್ಲಿ" ಎಂದು ಶಾಲು ಕೊಟ್ಟಾಗ, ಕಂಪನಿಯಿಂದ ಬಂದಿದ್ದ ಸಂಪತ್‌ಗೆ ಹೊದಿಸಲು ಅವಳು ಹಿಂದೆಮುಂದೆ ನೋಡಲಿಲ್ಲ.

ಸಂಪತ್ ಶಾಲು ಹೊದ್ದೇ ಮಾತಾಡಿದ. "ಸರ್ಕಾರದ ಹತ್ರ ದುಡ್ಡಿಲ್ಲ. ನಷ್ಟದಲ್ಲಿರೋದನ್ನೆಲ್ಲ ಎಷ್ಟು ದಿನ ಅಂತ ಸಾಕುತ್ತೆ? ನಾವು ತಗೊಂಡ್ರೆ ಎಸಿ ವಾರ್ಡು, ಒಳ್ಳೊಳ್ಳೆ ಡಾಕ್ಟ್ರು. ಒಂಚೂರು ಚಾರ್ಜ್ ಇರುತ್ತೆ, ಅಷ್ಟೆ."

ಅಂಜನಮ್ಮ ಎದ್ದಳು. "ಈಗ ನಮ್ಮ ಅಭಿಪ್ರಾಯ ಕೇಳಿ ಸಾರ್."

ಸುಧೀಂದ್ರ ವಾಚು ನೋಡಿಕೊಂಡ. "ಇನ್ನೇನ್ ಕೇಳೋದಮ್ಮ? ಸ್ಥಳೀಯರು ಸನ್ಮಾನ ಮಾಡಿ ಸ್ವಾಗತಿಸಿದ್ರು ಅಂತ ಮೇಲಕ್ಕೆ ಬರೀತೀವಿ. ಫೋಟೋ ಇದೆಯಲ್ಲ, ನಿಮ್ದೇ. ಎಲ್ರೂ ಕಾಫಿ ಕುಡ್ಕೊಂಡು ಹೋಗಿ."

ಶಾಮಿಯಾನದಡಿ ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಸೊಸೆ ರಮ್ಯ, ತುಂಬು ಬಸುರಿ, ಅತ್ತೆಯ ಮುಖವನ್ನೇ ನೋಡಿದಳು. ಹಿಂದಿನಿಂದ ಪಕ್ಕದ ಮನೆಯ ಹನುಮಕ್ಕನ ದನಿ ಬಂತು: "ಹಲ್ಲು ಕಿರ್ಕೊಂಡು ಬೇರೆ ಹೊದಿಸ್ದೆಯಲ್ಲೇ ಅಂಜಿ. ಒಲೆ ಮೇಲಿನ ಸಾರು ಬಿಟ್ಟು ಬಂದಿದ್ದು ಇದ್ನ ನೋಡಕ್ಕಾ?"

ಅಂಜನಮ್ಮನ ಕಿವಿ ಬಿಸಿಯಾಯಿತು. "ನಷ್ಟ ಅಂದ್ರಲ್ಲ ಸ್ವಾಮಿ, ಹೆರಿಗೇಲಿ ಯಾರಿಗೆ ಲಾಭ ಬರ್ಬೇಕಿತ್ತು?"

ಸಂಪತ್ ಮುಗುಳ್ನಕ್ಕ. "ಇದು ಎಕನಾಮಿಕ್ಸ್ ಅಮ್ಮ. ಕೈ ಎತ್ತಿಸಿ ತೀರ್ಮಾನ ಮಾಡೋ ವಿಷ್ಯ ಅಲ್ಲ."

"ವೋಟಿನ ದಿನ ಇದೇ ಕೈಗೆ ಮಸಿ ಹಚ್ಚಿದ್ರಲ್ಲಪ್ಪ."

"ಬಿಡಿ ಅತ್ತೆ, ಕೂತ್ಕೊಳಿ" ಎಂದು ರಮ್ಯ ಸೆರಗು ಹಿಡಿದಳು. ಅಂಜನಮ್ಮ ಸೆರಗು ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು. ಸಮಾಧಾನಕ್ಕೆ ಬಂದಳೆಂದುಕೊಂಡು ಸುಧೀಂದ್ರ "ಬನ್ನಿ ಬನ್ನಿ" ಎಂದು ಜಾಗ ಬಿಟ್ಟ. ಕೊಟ್ಟದ್ದನ್ನು ವಾಪಸ್ಸು ಕೇಳಿದವಳಲ್ಲ ಅವಳು. ಆದರೂ ನೇರವಾಗಿ ಸಂಪತ್‌ನ ಎದುರು ಹೋಗಿ ನಿಂತಳು.

"ತಪ್ಪು ತಿಳ್ಕೋಬೇಡಪ್ಪ. ಬಂದೋನಿಗೆ ಅಂತ ಹೊದಿಸ್ದೆ. ಆಸ್ಪತ್ರೆ ಕೊಟ್ಟೆ ಅಂತಲ್ಲ."

ಅವನ ಹೆಗಲಿನಿಂದ ಶಾಲು ಎಳೆದಳು. ಜರಿಯ ಎಳೆಯೊಂದು ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು. ಅಂಗಿ ಹರಿಯದಂತೆ, ತನ್ನ ಮಗನದೇ ಎಂಬಂತೆ, ನಿಧಾನವಾಗಿ ಬಿಡಿಸಿದಳು. ಅಷ್ಟು ಹೊತ್ತೂ ಸಂಪತ್ ಎಲ್ಲಿ ನೋಡುವುದೆಂದು ತಿಳಿಯದೆ ಮೈಕನ್ನೇ ನೋಡುತ್ತಿದ್ದ.

"ಏನಮ್ಮ ಇದು, ಅತಿಥಿಗೆ ಅವಮಾನ ಮಾಡ್ತಿದೀರ? ಪೊಲೀಸ್ನೋರ್ನ ಕರೀಬೇಕಾಗುತ್ತೆ" ಎಂದು ಸುಧೀಂದ್ರ ಗದರಿದ.

"ಕರೀರಿ. ಅವ್ರ ಮಕ್ಳೂ ಇಲ್ಲೇ ಹುಟ್ಟಿರ್ತವೆ" ಎಂದವಳು ತಿರುಗಿದಳು. "ರಾಜೇಂದ್ರ, ಇದನ್ನೂ ತೆಗಿಯಪ್ಪ."

ಸುಧೀಂದ್ರ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದ. ಫೋಟೋ ತೆಗೆಯುವ ಕೆಲಸ ಕೊಟ್ಟವನು ಅವನೇ. ರಾಜೇಂದ್ರ ಕ್ಯಾಮೆರಾ ಇಳಿಸಿದ.

ಆಗ ಕೆಳಗೆ ಕುರ್ಚಿಗಳು ಸರಿದವು. ಹನುಮಕ್ಕ ಎದ್ದು ಕೈ ಎತ್ತಿದ್ದಳು. ಬಳೆಗಳು ಮೊಣಕೈವರೆಗೆ ಜಾರಿದ್ದವು. ಅವಳ ಪಕ್ಕದವಳೂ ಎತ್ತಿದಳು. ರಮ್ಯ ಕುರ್ಚಿಯ ಕೈ ಹಿಡಿದುಕೊಂಡು ಕಷ್ಟಪಟ್ಟು ನಿಂತಳು.

ರಾಜೇಂದ್ರ ಮತ್ತೆ ಕ್ಯಾಮೆರಾ ಎತ್ತಿ ಜನರತ್ತ ತಿರುಗಿಸಿದ. ಕೈಗಳೆಲ್ಲ ಒಂದೇ ಫ್ರೇಮಿಗೆ ಹಿಡಿಸಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದ, ಬೆನ್ನು ಆಸ್ಪತ್ರೆಯ ಗೋಡೆಗೆ ತಾಗುವವರೆಗೂ.